ಕಾಂಪ್ಟನ್ ಬೀದಿಯ ಈಜಿ-ಈ

ತಾಳಕ್ಕೆ ಸರಿಯಾಗಿ ಪ್ರಾಸದ ಮಾತುಗಳನ್ನು ಎಡೆಬಿಡದೆ ಹೇಳುತ್ತ ಹೋಗುವ ರ‍್ಯಾಪ್ ಗಾಯನವು 1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡ ಭಾಗದಲ್ಲಿ ಹುಟ್ಟಿತು. ಹಿಪ್ ಹಾಪ್ ಎಂಬ ಹೆಸರಿನಲ್ಲಿ ಅದು ನಮ್ಮ ಮನೆಗಳ ಹುಡುಗರ ಕಿವಿಗೂ ಬಿದ್ದು ಬಹಳ ಕಾಲವಾಯಿತು. ಹಿರಿಯರಿಗೆ ಅದು ಬರಿಯ ಗದ್ದಲವೆನಿಸೀತು. ಆದರೆ ಆ ಗದ್ದಲವನ್ನು ದೊಡ್ಡ ಕಂಪೆನಿಗಳ ಹಂಗಿಲ್ಲದೆ ಲೋಕಕ್ಕೆಲ್ಲ ಕೇಳಿಸಿದ ಒಬ್ಬ ತರುಣನ ಬಾಳು ತಿಳಿಯತಕ್ಕದ್ದೆಂದು ನಾವು ಭಾವಿಸುತ್ತೇವೆ.

ಆತನ ಹೆಸರು ಎರಿಕ್ ರೈಟ್. ಲೋಕಕ್ಕೆ ಪರಿಚಿತನಾದದ್ದು ಈಜಿ-ಈ ಎಂದು. 1964ರ ಸೆಪ್ಟೆಂಬರ್ 7ರಂದು ಅಮೇರಿಕದ ಲಾಸ್ ಏಂಜಲೀಸ್ ನಗರಕ್ಕೆ ತಾಗಿಕೊಂಡಿರುವ ಕಾಂಪ್ಟನ್ ಎಂಬಲ್ಲಿ ಆತ ಜನಿಸಿದನು. ತಂದೆ ಅಂಚೆ ಇಲಾಖೆಯ ನೌಕರ. ತಾಯಿಗೆ ಶಾಲೆಯೊಂದರಲ್ಲಿ ಕೆಲಸ. ಮನೆತನ ಮರ್ಯಾದೆಯದೇ. ಆದರೆ ಕಾಂಪ್ಟನ್ನಿನ ಬೀದಿಗಳಲ್ಲಿ ಕಾರ್ಖಾನೆಯ ಕೆಲಸಗಳು ಕಡಮೆಯಾಗುತ್ತ, ತಂಡಗಳ ಹೊಡೆದಾಟ ಮತ್ತು ಕ್ರ್ಯಾಕ್ ಎಂಬ ಮಾದಕ ದ್ರವ್ಯದ ಮಾರಾಟ ಹೆಚ್ಚುತ್ತಿದ್ದ ಕಾಲವದು. ಹುಡುಗ ಹತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟು ಆ ಮಾರಾಟಕ್ಕೇ ಇಳಿದನು. ಬೀದಿಯ ಹಗೆತನಕ್ಕೆ ಹತ್ತಿರದ ಬಂಧುವೊಬ್ಬ ಬಲಿಯಾದಾಗ, ಈ ದಾರಿಯ ಕೊನೆ ಸೆರೆಮನೆ ಅಥವಾ ಸ್ಮಶಾನವೆಂದು ಅವನಿಗೆ ಹೊಳೆಯಿತು. ಗಳಿಸಿದ ಹಣವನ್ನು ಸಂಗೀತದಲ್ಲಿ ತೊಡಗಿಸಲು ಮನಸ್ಸು ಮಾಡಿದನು.

ಆಗ ಪಶ್ಚಿಮ ತೀರದ ರ‍್ಯಾಪ್ ಗಾಯಕರನ್ನು ದೊಡ್ಡ ಕಂಪೆನಿಗಳು ತಿರುಗಿಯೂ ನೋಡುತ್ತಿರಲಿಲ್ಲ. ಇದ್ದ ದಾರಿ ಒಂದೇ. ಹಾಲಿವುಡ್ಡಿನ ಮಕೋಲಾ ಎಂಬ ಸಂಸ್ಥೆ, ಕಾಸು ಕೊಟ್ಟ ಯಾರಿಗಾದರೂ ಅವರವರ ಹೆಸರಿನಲ್ಲೇ ಗ್ರಾಮಫೋನ್ ತಟ್ಟೆಗಳನ್ನು ಅಚ್ಚುಹಾಕಿ ಕೊಡುತ್ತಿತ್ತು. ಅವನ್ನು ಕಾರಿನ ಹಿಂಬದಿಯಲ್ಲಿ ತುಂಬಿಕೊಂಡು, ಅಂಗಡಿ ಅಂಗಡಿಗೆ ಮತ್ತು ರೋಡಿಯಂ ಎಂಬ ಬಯಲು ಸಂತೆಗೆ ಹೋಗಿ ಮಾರಬೇಕು. 1987ರಲ್ಲಿ ಎರಿಕ್ ರೈಟ್, ಸಂಗೀತ ವ್ಯವಹಾರದಲ್ಲಿ ಪಳಗಿದ ಜೆರ‍್ರಿ ಹೆಲ್ಲರ್ ಎಂಬುವನನ್ನು ಜತೆಗಿಟ್ಟುಕೊಂಡು ರೂತ್‌ಲೆಸ್ ರೆಕಾರ್ಡ್ಸ್ ಎಂಬ ಸ್ವಂತ ಕಂಪೆನಿಯನ್ನು ಕಟ್ಟಿದನು. ಆಗ ಆತನಿಗೆ ಇಪ್ಪತ್ತೆರಡು ವರ್ಷ.

ಆತ ಗಾಯಕನಾದದ್ದು ಆಕಸ್ಮಿಕ. ಐಸ್ ಕ್ಯೂಬ್ ಎಂಬ ಯುವಕ ಬರೆದ ಹಾಡೊಂದನ್ನು ನ್ಯೂಯಾರ್ಕಿನಿಂದ ಬಂದ ತಂಡವೊಂದು ಹಾಡಬೇಕಾಗಿತ್ತು. ಆ ಹಾಡು ತಮಗೆ ಹೊಂದುವುದಿಲ್ಲವೆಂದು ಅವರು ಎದ್ದು ಹೋದರು. ಸಂಗೀತ ಹೊಂದಿಸುತ್ತಿದ್ದ ಡಾ. ಡ್ರೆ, ಹಾಗಾದರೆ ಯಜಮಾನನೇ ಹಾಡಲೆಂದು ಪಟ್ಟು ಹಿಡಿದನು. ಎಂದೂ ಹಾಡದ ಎರಿಕ್‌ನಿಂದ ಸಾಲು ಸಾಲಾಗಿ ಹೇಳಿಸಿ, ಮುದ್ರಿಸಿ, ಒಂದಕ್ಕೊಂದು ಜೋಡಿಸಬೇಕಾಯಿತು. ಹೀಗೆ ಸಿದ್ಧವಾದ ಬಾಯ್ಸ್ ಇನ್ ದ ಹುಡ್ ಎಂಬ ಹಾಡು, ಆ ಕೀರಲು ಧ್ವನಿಯಿಂದಲೇ ಲಾಸ್ ಏಂಜಲೀಸಿನ ಬೀದಿಗಳನ್ನು ಗೆದ್ದಿತು.

ಬಳಿಕ ಇವರೆಲ್ಲ ಸೇರಿ ಎನ್.ಡಬ್ಲ್ಯು.ಎ. ಎಂಬ ತಂಡವಾಯಿತು. ಎಂ.ಸಿ. ರೆನ್, ಡಿ.ಜೆ. ಯೆಲ್ಲಾ ಮೊದಲಾದವರೂ ಅದರಲ್ಲಿದ್ದರು. ಸ್ಟ್ರೈಟ್ ಔಟ್ಟಾ ಕಾಂಪ್ಟನ್ ಎಂಬ ಅವರ ಧ್ವನಿಮುದ್ರಿಕೆ, ರೇಡಿಯೋ ಮತ್ತು ದೂರದರ್ಶನದ ನೆರವಿಲ್ಲದೆಯೇ ಲಕ್ಷಗಟ್ಟಲೆ ಮಾರಾಟವಾಯಿತು. ಪೊಲೀಸರ ಮೇಲಿನ ಆಕ್ರೋಶದ ಒಂದು ಹಾಡು ಅದರಲ್ಲಿತ್ತು. 1989ರ ಆಗಸ್ಟಿನಲ್ಲಿ ಅಮೇರಿಕದ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ಯ ಹಿರಿಯ ಅಧಿಕಾರಿಯೊಬ್ಬರು, ಈ ಹಾಡು ಹಿಂಸೆಗೆ ಪ್ರೋತ್ಸಾಹ ಕೊಡುತ್ತದೆಂದು ವಿತರಕ ಕಂಪೆನಿಗೆ ಪತ್ರ ಬರೆದರು. ಪತ್ರದಿಂದ ಹಾಡು ನಿಲ್ಲಲಿಲ್ಲ, ಪ್ರಚಾರವೇ ದೊರೆಯಿತು. 1991ರ ಮಾರ್ಚಿನಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ಜನಾಂಗದವನನ್ನು ಪೊಲೀಸರು ಥಳಿಸಿದ ದೃಶ್ಯವನ್ನು ಲೋಕ ಕಂಡಾಗ, ಆ ಆಕ್ರೋಶಕ್ಕೆ ಕಾರಣವಿತ್ತೆಂಬುದು ಅನೇಕರಿಗೆ ಅರಿವಾಯಿತು. ಆದರೆ ಆ ಹಾಡುಗಳಲ್ಲಿ ಹೆಂಗಸರನ್ನು ಹೀನಾಯವಾಗಿ ಕಂಡದ್ದನ್ನು ಮತ್ತು ಬಂದೂಕನ್ನು ಮೆರೆಸಿದ್ದನ್ನು ನಾವು ಒಪ್ಪಲಾರೆವು.

ಯಜಮಾನಿಕೆಯೇ ಆತನ ಬಲ. ಅದೇ ಆತನ ತೊಡಕೂ ಆಯಿತು. ತಾನು ಬರೆದ ಹಾಡುಗಳಿಗೆ ತಕ್ಕ ಪಾಲು ಬರಲಿಲ್ಲವೆಂದು ಐಸ್ ಕ್ಯೂಬ್ 1989ರ ಕೊನೆಗೆ ಹೊರನಡೆದನು. 1991ರಲ್ಲಿ ತಂಡದ ಮುಂದಿನ ಧ್ವನಿಮುದ್ರಿಕೆ ಅಮೇರಿಕದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ ಅದೇ ವರ್ಷ ಡಾ. ಡ್ರೆ ಕೂಡ ಬಿಟ್ಟುಹೋದನು. ಒಂದೇ ಊಟ ಹಂಚಿಕೊಂಡವರು ಹಾಡುಗಳಲ್ಲಿಯೇ ಒಬ್ಬರನ್ನೊಬ್ಬರು ಬೈದಾಡಿಕೊಂಡರು. ವಿಚಿತ್ರವೆಂದರೆ, ಹಳೆಯ ಕರಾರಿನ ಫಲವಾಗಿ, ಡ್ರೆ ಈತನನ್ನು ಹಂಗಿಸಿ ಮಾಡಿದ ಹಾಡುಗಳ ಗಳಿಕೆಯಲ್ಲೂ ರೂತ್‌ಲೆಸ್ ಕಂಪೆನಿಗೆ ಒಂದು ಪಾಲು ಸಲ್ಲುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಆತ ಸೋಲಲಿಲ್ಲ, ಸ್ನೇಹದಲ್ಲಿ ಸೋತನು.

ಆತನಿಗೆ ಪ್ರತಿಭೆಯನ್ನು ಗುರುತಿಸುವ ಕಣ್ಣಿತ್ತೆಂಬುದರಲ್ಲಿ ಸಂದೇಹವಿಲ್ಲ. ಜೆ.ಜೆ. ಫ್ಯಾಡ್ ಎಂಬ ಹುಡುಗಿಯರ ತಂಡವನ್ನೂ ದಿ ಡಿ.ಓ.ಸಿ. ಎಂಬ ಗಾಯಕನನ್ನೂ ಬೆಳಕಿಗೆ ತಂದವನು ಆತನೇ. ಕ್ಲೀವ್‌ಲ್ಯಾಂಡಿನ ಬಡ ಹುಡುಗರ ತಂಡವಾದ ಬೋನ್ ಥಗ್ಸ್-ಎನ್-ಹಾರ್ಮನಿಗೂ ಮೊದಲ ದೊಡ್ಡ ಅವಕಾಶ ಕೊಟ್ಟನು. ಅವರ ಧ್ವನಿಮುದ್ರಿಕೆ 1994ರಲ್ಲಿ ಹೊರಬಂದು ಜನಪ್ರಿಯವಾಯಿತು.

1995ರ ಫೆಬ್ರವರಿಯಲ್ಲಿ ಬಿಡದ ಕೆಮ್ಮಿನಿಂದ ಆತ ಲಾಸ್ ಏಂಜಲೀಸಿನ ಆಸ್ಪತ್ರೆ ಸೇರಿದನು. ಉಬ್ಬಸವಿರಬಹುದೆಂದುಕೊಂಡರೆ, ಪರೀಕ್ಷೆಯಲ್ಲಿ ತಿಳಿದದ್ದು ಏಡ್ಸ್. ಆ ಕಾಲದಲ್ಲಿ ಇದು ಸಲಿಂಗಿಗಳ ಮತ್ತು ಸೂಜಿ ಚುಚ್ಚಿಕೊಳ್ಳುವವರ ಬೇನೆಯೆಂಬ ತಪ್ಪು ನಂಬಿಕೆ ಗಟ್ಟಿಯಾಗಿತ್ತು. ಹೆಸರುಳ್ಳವರು ಅದನ್ನು ಮುಚ್ಚಿಡುತ್ತಿದ್ದುದೇ ಹೆಚ್ಚು. ಈತ ಮುಚ್ಚಿಡಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ವಿವಾಹವಾಗಿ, ಮಾರ್ಚ್ 16ರಂದು ತನ್ನ ರೋಗವನ್ನು ಹೇಳಿಕೆಯೊಂದರ ಮೂಲಕ ಬಹಿರಂಗಪಡಿಸಿದನು. ತನ್ನನ್ನು ಮೆಚ್ಚಿದ ಎಳೆಯರು ಇದರಿಂದ ಎಚ್ಚರಗೊಳ್ಳಲೆಂಬುದು ಅದರ ಆಶಯ. ಹತ್ತು ದಿನಗಳಲ್ಲಿ, ಮಾರ್ಚ್ 26ರಂದು ತೀರಿಕೊಂಡನು. ವಯಸ್ಸು ಕೇವಲ ಮೂವತ್ತು. ಬಿಟ್ಟುಹೋದ ಹಳೆಯ ಗೆಳೆಯರು ಕೊನೆಯ ದಿನಗಳಲ್ಲಿ ವೈರ ಮರೆತಿದ್ದರು.

ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟು ಈ ರೋಗವನ್ನು ತಡೆಹಿಡಿಯುವ ಚಿಕಿತ್ಸೆ ಬಳಕೆಗೆ ಬಂದದ್ದು ಮರುವರ್ಷ, 1996ರಲ್ಲಿ. ರೋಗ ಮೊದಲೇ ತಿಳಿದಿದ್ದರೆ, ವರುಷವೊಂದು ಕಾದುಕೊಂಡಿದ್ದರೆ, ಆತ ಬದುಕುತ್ತಿದ್ದನೋ ಏನೋ. ಈ ಮಾತನ್ನು ನಾವು ಹೇಳುವುದು ಮರುಕಕ್ಕಾಗಿ ಮಾತ್ರವಲ್ಲ. ಇಂದು ರಕ್ತಪರೀಕ್ಷೆ ಸುಲಭ, ಔಷಧವೂ ಇದೆ; ನಾಚಿಕೆಯಿಂದ ಪರೀಕ್ಷೆಯನ್ನು ಮುಂದೂಡುವವರು ಇನ್ನೂ ಇದ್ದಾರೆ.

ಎನ್.ಡಬ್ಲ್ಯು.ಎ. ತಂಡ 2016ರಲ್ಲಿ ಅಮೇರಿಕದ ರಾಕ್ ಅಂಡ್ ರೋಲ್ ಗೌರವ ಮಂದಿರಕ್ಕೆ ಸೇರ್ಪಡೆಯಾಯಿತು. ಸಂತೆಯಲ್ಲಿ ತಟ್ಟೆ ಮಾರಿದ ಕೈಗಳಿಗೆ ಸಂದ ಮನ್ನಣೆಯಿದು. ಎರಿಕ್ ರೈಟ್ ಸಜ್ಜನನಾಗಿದ್ದನೆಂದು ನಾವು ಹೇಳುವುದಿಲ್ಲ. ಕಾಂಪ್ಟನ್ನಿನಂಥ ಊರಿನ ಹುಡುಗರು ತಮ್ಮ ಕತೆಯನ್ನು ತಾವೇ ಹೇಳಬಹುದು, ಅದರ ಒಡೆತನವನ್ನೂ ತಾವೇ ಇಟ್ಟುಕೊಳ್ಳಬಹುದೆಂಬುದನ್ನು ಆತ ಮಾಡಿ ತೋರಿಸಿದನು. ಸಾಯುವ ಮೊದಲು ಒಂದು ಕಹಿ ಸತ್ಯವನ್ನು ಬಚ್ಚಿಡದೆ ಹೇಳಿದನು. ಇವೆರಡಕ್ಕಾಗಿ ಆತನನ್ನು ನೆನೆಯುವುದು ತಪ್ಪಾಗಲಾರದು.