ಹಿಮಶಿಖರದಲ್ಲಿ ಜನರಲ್ ತಿಮ್ಮಯ್ಯ

ಸಹ್ಯಾದ್ರಿಯ ಮಡಿಲಲ್ಲಿರುವ ಕೊಡಗು ವಿಸ್ತಾರದಲ್ಲಿ ಕಿರಿದಾದರೂ ವೀರರನ್ನು ಪಡೆದ ಹೆಮ್ಮೆಯಲ್ಲಿ ಹಿರಿದು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಕೋವಿಯಿಂದ ಗುಂಡು ಹಾರಿಸಿ ಆ ಶುಭವಾರ್ತೆಯನ್ನು ಸಾರುವುದು, ಕೈಲ್ ಮುಹೂರ್ತದ ದಿನ ಆಯುಧಗಳನ್ನು ಪೂಜಿಸುವುದು ಅಲ್ಲಿನ ಸಂಪ್ರದಾಯ. ಇಂತಹ ನಾಡಿನ ಮಡಿಕೇರಿಯಲ್ಲಿ 1906ನೆಯ ಇಸವಿ ಮಾರ್ಚ್ 31ರಂದು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಜನಿಸಿದರು.

ಅವರದು ಕಾಫಿ ಬೆಳೆಗಾರರ ಮನೆತನ. ಕೂನೂರು ಮತ್ತು ಬೆಂಗಳೂರಿನ ಶಾಲೆಗಳಲ್ಲಿ ಓದಿದ ತಿಮ್ಮಯ್ಯನವರು ಡೆಹರಾಡೂನಿನ ಸೈನಿಕ ವಿದ್ಯಾಲಯವನ್ನು ಸೇರಿ, ಅನಂತರ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಶಿಕ್ಷಣ ಮುಗಿಸಿ 1926ರಲ್ಲಿ ಸೇನಾಧಿಕಾರಿಯಾದರು. 1935ರಲ್ಲಿ ಕ್ವೆಟ್ಟಾ ನಗರವು ಭೂಕಂಪದಿಂದ ನೆಲಸಮವಾದಾಗ ಅವರೂ ಅವರ ಪತ್ನಿ ನೀನಾ ಅವರೂ ಸಂತ್ರಸ್ತರ ಸೇವೆಗೆ ಹಗಲಿರುಳು ದುಡಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಬ್ರಿಗೇಡೊಂದನ್ನು ಮುನ್ನಡೆಸಿ ಕೀರ್ತಿವಂತರಾದರು. ಆದರೆ ಅವರ ಧೈರ್ಯ, ಬುದ್ಧಿಗಳೆರಡಕ್ಕೂ ನಿಜವಾದ ಒರೆಗಲ್ಲಾದುದು ಕಾಶ್ಮೀರದ ಹಿಮ.

ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿಯಲ್ಲಿ ಜೋಜಿಲಾ ಎಂಬ ಕಣಿವೆಮಾರ್ಗವಿದೆ. ಸಮುದ್ರಮಟ್ಟದಿಂದ 11,500 ಅಡಿಗಳಿಗೂ ಎತ್ತರದಲ್ಲಿರುವ ಈ ದಾರಿ ಚಳಿಗಾಲದಲ್ಲಿ ಮಂಜಿನಿಂದ ಮುಚ್ಚಿಹೋಗುತ್ತಿತ್ತು. 1948ರ ಫೆಬ್ರವರಿಯಲ್ಲಿ ಪೃಥಿಚಂದ್ ಎಂಬ ಅಧಿಕಾರಿಯು ಸುಮಾರು 40 ಮಂದಿ ಸೈನಿಕರೊಡನೆ ಆ ಮಂಜಿನಲ್ಲಿಯೇ ಕಾಲ್ನಡೆಯಿಂದ ಹೊರಟು, ಮಾರ್ಚ್ ತಿಂಗಳಲ್ಲಿ ಲೇಹ್ ಪಟ್ಟಣವನ್ನು ತಲುಪಿದರು. ಆ ಕೆಲವೇ ಮಂದಿ ಲೇಹ್‌ನ ರಕ್ಷಣೆಗೆ ನಿಂತರು. ಬೇಸಿಗೆಯ ಹೊತ್ತಿಗೆ ದ್ರಾಸ್, ಕಾರ್ಗಿಲ್, ಜೋಜಿಲಾ ಎಲ್ಲವೂ ವೈರಿಗಳ ವಶವಾದವು. ಲೇಹ್‌ಗೆ ಶ್ರೀನಗರದ ನೆಲದಾರಿ ಕಡಿದುಹೋಯಿತು.

ಆಗ ಕಾಶ್ಮೀರದ ಸೇನಾ ವಿಭಾಗದ ಹೊಣೆ ಹೊತ್ತಿದ್ದವರು ಮೇಜರ್ ಜನರಲ್ ತಿಮ್ಮಯ್ಯನವರು. 1948ರ ಮೇ ತಿಂಗಳಲ್ಲಿ ಏರ್ ಕಮೊಡೋರ್ ಮೆಹರ್ ಸಿಂಗ್ ಅವರು ಲೇಹ್‌ನ ಕಚ್ಚಾ ನಿಲ್ದಾಣಕ್ಕೆ ಮೊತ್ತಮೊದಲ ವಿಮಾನವನ್ನು ಒಯ್ದರು. ಆ ಪ್ರಯಾಣದಲ್ಲಿ ಪ್ರಾಣಕ್ಕೆ ಭರವಸೆಯಿರಲಿಲ್ಲ. ತಮ್ಮ ಸೈನಿಕರನ್ನು ಕಳುಹಿಸುವ ಮುನ್ನ ತಾವೇ ಹೋಗಬೇಕೆಂದು ತಿಮ್ಮಯ್ಯನವರು ಅದೇ ವಿಮಾನದಲ್ಲಿ ಕುಳಿತರು.

ಸೆಪ್ಟೆಂಬರಿನಲ್ಲಿ ಜೋಜಿಲಾವನ್ನು ಗೆಲ್ಲಲು ನಡೆದ ಯತ್ನ ವಿಫಲವಾಯಿತು. ಎತ್ತರದ ಬಂಡೆಗಳ ಮರೆಯಲ್ಲಿ ಮೆಷಿನ್‌ಗನ್ನುಗಳನ್ನಿಟ್ಟುಕೊಂಡಿದ್ದ ವೈರಿಗೆ ಕೆಳಗಿನಿಂದ ಏರಿ ಬರುವ ಕಾಲಾಳುಗಳು ಸುಲಭದ ಗುರಿಯಾದರು. ಇತ್ತ ಚಳಿಗಾಲ ಸಮೀಪಿಸುತ್ತಿತ್ತು. ಬಯಲುಸೀಮೆಯಿಂದ ಬಂದ ಯೋಧರಿಗೆ ತಕ್ಕಷ್ಟು ಉಣ್ಣೆಯ ಉಡುಪಿರಲಿಲ್ಲ. ಕೊರೆಯುವ ಗಾಳಿಗೆ ಬೆರಳುಗಳು ಮರಗಟ್ಟುತ್ತಿದ್ದವು. ಇನ್ನೊಮ್ಮೆ ಸೋತರೆ ದಾರಿಯನ್ನು ಮಂಜು ಮುಚ್ಚುವುದು ನಿಶ್ಚಿತ; ಮುಂದಿನ ಬೇಸಿಗೆಯವರೆಗೆ ಲಡಾಖ್ ಉಳಿದೀತೆಂಬ ಭರವಸೆಯಿಲ್ಲ.

ಆಗ ತಿಮ್ಮಯ್ಯನವರು ಯಾರೂ ಎಣಿಸದ ಉಪಾಯವೊಂದನ್ನು ಕೈಗೊಂಡರು. ಅಷ್ಟು ಎತ್ತರಕ್ಕೆ ಟ್ಯಾಂಕುಗಳು ಬರಲಾರವೆಂಬುದು ವೈರಿಯ ನಂಬಿಕೆ. ಆ ನಂಬಿಕೆಯನ್ನೇ ಅವರು ತಮ್ಮ ಆಯುಧವಾಗಿಸಿಕೊಂಡರು. ಏಳನೆಯ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳ ಮೇಲ್ಭಾಗವನ್ನು ಕಳಚಿ, ಯಾರಿಗೂ ಸುಳಿವು ಸಿಗದಂತೆ ಶ್ರೀನಗರದ ಮೂಲಕ ಬಾಲ್ಟಾಲ್‌ಗೆ ಸಾಗಿಸಲಾಯಿತು. ಹೇಸರಗತ್ತೆಗಳಷ್ಟೇ ನಡೆಯಬಹುದಾಗಿದ್ದ ಕಾಲುದಾರಿಯನ್ನು ಮದ್ರಾಸ್ ಸ್ಯಾಪರ್ಸ್ ಪಡೆಯವರು ಗುಂಡಿನ ಮಳೆಯ ನಡುವೆಯೂ ಅಗಲಗೊಳಿಸಿದರು. ಈ ಪಡೆಯ ನೆಲೆ ನಮ್ಮ ಬೆಂಗಳೂರೇ. ಪಶ್ಚಿಮ ವಲಯದ ಮಹಾದಂಡನಾಯಕರಾಗಿದ್ದ ಕೆ. ಎಂ. ಕಾರ್ಯಪ್ಪನವರೂ ಕೊಡಗಿನವರೇ ಎಂಬುದು ಗಮನಾರ್ಹ.

ಹವಾಮಾನ ಕೆಟ್ಟು ದಾಳಿಯನ್ನು ಮುಂದೂಡಬೇಕಾಯಿತು. ಕೊನೆಗೆ 1948ರ ನವೆಂಬರ್ 1ರಂದು, ಮಂಜು ಕವಿದಿದ್ದಾಗಲೇ ಟ್ಯಾಂಕುಗಳು ಮೇಲೇರಿದವು. ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರಿದ್ದರು. ಆ ಉಕ್ಕಿನ ರಥಗಳನ್ನು ಕಂಡು ವೈರಿಗಳು ದಿಗ್ಭ್ರಾಂತರಾಗಿ ಹಿಮ್ಮೆಟ್ಟಿದರು. ಜಗತ್ತಿನಲ್ಲಿ ಅದುವರೆಗೆ ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಕಾದಿರಲಿಲ್ಲ.

ಗೆಲುವಿನೊಡನೆ ಕಷ್ಟ ಮುಗಿಯಲಿಲ್ಲ. ಕೊಡಗಿನಲ್ಲಿ ಹುತ್ತರಿಯ ಕದಿರು ತೆಗೆಯುವ ಕಾಲ ಹತ್ತಿರವಾಗುತ್ತಿದ್ದಾಗ, ಆ ಯೋಧರು ದ್ರಾಸಿನ ಹೆಪ್ಪುಗಟ್ಟಿದ ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಹೋರಾಡುತ್ತ ಸಾಗಿದ್ದರು. ಸೈನಿಕನಿಗೆ ರಜೆಯೆಂದರೆ ಹೆತ್ತವರ ಮುಖ, ಒಲೆಯ ಬಿಸಿ, ಹಬ್ಬದ ಊಟ. ಯುದ್ಧಕಾಲದ ಚಳಿಯಲ್ಲಿ ಅದು ಬರಿಯ ನೆನಪು. ಆ ನೆನಪನ್ನು ಎದೆಯಲ್ಲಿಟ್ಟುಕೊಂಡೇ ಅವರು ನವೆಂಬರ್ ಮುಗಿಯುವ ಮುನ್ನ ದ್ರಾಸ್, ಕಾರ್ಗಿಲ್‌ಗಳನ್ನು ಬಿಡಿಸಿ ಲೇಹ್‌ನ ದಾರಿಯನ್ನು ತೆರೆದರು.

ಯುದ್ಧದಲ್ಲಿ ಕಠೋರರಾದ ತಿಮ್ಮಯ್ಯನವರು ಶಾಂತಿಯ ಕಾರ್ಯದಲ್ಲಿಯೂ ಸಮರ್ಥರು. 1953ರಲ್ಲಿ ಕೊರಿಯಾದಲ್ಲಿ ಸ್ವದೇಶಕ್ಕೆ ಮರಳಲೊಪ್ಪದ ಸುಮಾರು 22,000 ಯುದ್ಧಕೈದಿಗಳ ಸಮಸ್ಯೆಯನ್ನು ನಿರ್ವಹಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಅಲ್ಲಿನ ಕಡುಚಳಿಯಲ್ಲಿ, ಎರಡು ಪಕ್ಷಗಳ ಸಿಟ್ಟಿನ ನಡುವೆ ಅವರು ಸಮಚಿತ್ತದಿಂದ ಕರ್ತವ್ಯ ನಡೆಸಿದರು. 1954ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರಿಗೆ ಸಂದಿತು. 1957ರಿಂದ 1961ರವರೆಗೆ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು.

ನಿವೃತ್ತಿಯ ನಂತರವೂ ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಯ ನಾಯಕತ್ವ ವಹಿಸಿದರು. ಅಲ್ಲಿಯೇ 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಕೊನೆಯುಸಿರೆಳೆದರು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಯಿತು.

ತಮ್ಮವರನ್ನು ಅಪಾಯಕ್ಕೆ ಕಳುಹಿಸುವವನು ತಾನು ಮೊದಲು ಅದರೆದುರು ನಿಲ್ಲಬೇಕು. ಲೇಹ್‌ನ ವಿಮಾನದಲ್ಲಿಯೂ ಜೋಜಿಲಾದ ಟ್ಯಾಂಕಿನಲ್ಲಿಯೂ ತಿಮ್ಮಯ್ಯನವರು ತೋರಿದ ದಾರಿ ಅದು. ಸೈನಿಕರಿಗಷ್ಟೇ ಅಲ್ಲ, ಹೊಣೆ ಹೊರುವ ಎಲ್ಲರಿಗೂ ಅದು ಅನುಕರಣೀಯ.