ಮದರಾಸಿನಲ್ಲಿ ‘ಮಕ್ಕಳ ರಾಜ್ಯ’ ಕಟ್ಟಿದ ಬಿ.ಆರ್. ಪಂತುಲು

ಚೆನ್ನೈ: ಕನ್ನಡ ಚಿತ್ರರಂಗದ ತವರು ಒಂದು ಕಾಲಕ್ಕೆ ಮದರಾಸು ಆಗಿತ್ತು ಎಂಬುದು ಇಲ್ಲಿನ ಹಿರಿಯ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಆ ದಿನಗಳಲ್ಲಿ ತಮಿಳಿನಲ್ಲಿ ದೊಡ್ಡ ಹೆಸರು ಮಾಡಿಯೂ ಕನ್ನಡವನ್ನು ಮರೆಯದ ಹಿರಿಯ ಚೇತನ ಬಿ.ಆರ್. ಪಂತುಲು.

ಬೂದಗೂರು ರಾಮಕೃಷ್ಣಯ್ಯ ಪಂತುಲು ಹುಟ್ಟಿದ್ದು 1910ರಲ್ಲಿ, ಕನ್ನಡ-ತೆಲುಗು ನುಡಿಗಳು ಬೆರೆತ ಗಡಿ ಸೀಮೆಯಲ್ಲಿ. ಮೊದಲು ಶಾಲಾ ಮಾಸ್ತರರಾಗಿದ್ದ ಅವರನ್ನು ರಂಗಭೂಮಿ ಸೆಳೆಯಿತು. ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯಲ್ಲಿ ಬಣ್ಣ ಹಚ್ಚಿದರು. 1936ರ ‘ಸಂಸಾರ ನೌಕೆ’ ಚಿತ್ರದಲ್ಲಿ ಎಂ.ವಿ. ರಾಜಮ್ಮ ಅವರಿಗೆ ಜೋಡಿಯಾದರು. ಈ ಜೋಡಿ ಮುಂದೆ ಹಲವು ಚಿತ್ರಗಳಲ್ಲಿ ಪ್ರೇಕ್ಷಕರ ಮನೆಮಾತಾಯಿತು.

ಪದ್ಮಿನಿ ಪಿಕ್ಚರ್ಸ್ ಲಾಂಛನದಲ್ಲಿ ನಿರ್ಮಾಪಕರಾದ ಪಂತುಲು ಅವರು 1955ರಲ್ಲಿ ‘ಮೊದಲ ತೇದಿ’ಯನ್ನು ಕನ್ನಡ, ತಮಿಳು ಎರಡರಲ್ಲೂ ತಂದರು. 1957ರಲ್ಲಿ ‘ರತ್ನಗಿರಿ ರಹಸ್ಯ’ದಿಂದ ನಿರ್ದೇಶನಕ್ಕಿಳಿದರು. 1958ರ ‘ಸ್ಕೂಲ್ ಮಾಸ್ಟರ್’ನಲ್ಲಿ ಮೇಷ್ಟ್ರ ಪಾತ್ರವನ್ನು ತಾವೇ ವಹಿಸಿದರು. ಹೆತ್ತ ಮಕ್ಕಳು ದೂರ ಮಾಡಿದ ಮುಪ್ಪಿನಲ್ಲಿ ಹಳೆಯ ಶಿಷ್ಯನೊಬ್ಬ ಗುರುವಿನ ಕೈಹಿಡಿಯುವ ಆ ಕಥೆ ಮನೆ ಮಂದಿಯ ಕಣ್ಣು ಒದ್ದೆ ಮಾಡಿತು. ಶಿಷ್ಯನ ಪಾತ್ರದಲ್ಲಿ ಶಿವಾಜಿ ಗಣೇಶನ್ ನಟಿಸಿದ್ದರು.

1959ರಲ್ಲಿ ತಮಿಳಿನ ‘ವೀರಪಾಂಡಿಯ ಕಟ್ಟಬೊಮ್ಮನ್’ ಪಂತುಲು ಅವರ ಕೀರ್ತಿಯನ್ನು ಹೊರದೇಶಕ್ಕೂ ಮುಟ್ಟಿಸಿತು. ದೊಡ್ಡ ನಟರ ಕಾಲ್‌ಷೀಟ್ ಸುಲಭವಾಗಿ ಸಿಗುತ್ತಿದ್ದ ಆ ಹೊತ್ತಿನಲ್ಲಿ ಅವರು ಕೈಗೆತ್ತಿಕೊಂಡದ್ದು ಪುಟ್ಟ ಹುಡುಗನೊಬ್ಬನೇ ನಾಯಕನಾದ ಚಿತ್ರವನ್ನು. 1960ರಲ್ಲಿ ತೆರೆಕಂಡ ‘ಮಕ್ಕಳ ರಾಜ್ಯ’ ಹಾಡು, ಹಾಸ್ಯ ಬೆರೆತ ಮಕ್ಕಳ ಚಿತ್ರ. ಟಿ.ಜಿ. ಲಿಂಗಪ್ಪ ಅವರ ಸಂಗೀತವಿತ್ತು. ಶಿವಾಜಿ ಗಣೇಶನ್ ಅವರಂಥ ನಟ ಅತಿಥಿ ಪಾತ್ರಕ್ಕೆ ನಿಂತರೆ, ನಡುವೆ ನಿಂತವನು ಮೈಸೂರಿನ ಹುಡುಗ ಮಾಸ್ಟರ್ ಉಮೇಶ್. ಚಿತ್ರ ತಮಿಳು, ತೆಲುಗಿನಲ್ಲೂ ಬಂತು. ಮಕ್ಕಳು ಕಂಡ ಗಣರಾಜ್ಯ ಎಂಬುದು ತಮಿಳು ಹೆಸರಿನ ಅರ್ಥ. ದೇಶ ಗಣರಾಜ್ಯವಾಗಿ ಆಗಷ್ಟೇ 10 ವರ್ಷ ತುಂಬಿತ್ತು.

ಆದರೆ ಬಾಲನಟರ ಬಾಳು ಅಷ್ಟು ಸಲೀಸಲ್ಲ. ಮುಖದ ಎಳೆತನ ಮಾಸಿದಂತೆ ಉಮೇಶ್ ಅವರಿಗೆ ಅವಕಾಶಗಳು ಇಲ್ಲವಾದವು. ಮತ್ತೆ ನಾಟಕ ಕಂಪನಿಯೇ ಗತಿಯಾಯಿತು. 1976ರಲ್ಲಿ ‘ಕಥಾಸಂಗಮ’ದ ಮೂಲಕ ಅವರನ್ನು ಬೆಳ್ಳಿತೆರೆಗೆ ಮರಳಿ ಕರೆತಂದವರು ಪುಟ್ಟಣ್ಣ ಕಣಗಾಲ್. ಪುಟ್ಟಣ್ಣ ಸಿನಿಮಾ ಕಲಿತದ್ದು ಪಂತುಲು ಅವರ ಗರಡಿಯಲ್ಲಿಯೇ. ಗುರು ಪರಿಚಯಿಸಿದ ಹುಡುಗನನ್ನು ಶಿಷ್ಯ ಕೈಬಿಡಲಿಲ್ಲ. ಮುಂದೆ ನೂರಾರು ಚಿತ್ರಗಳಲ್ಲಿ ನಗಿಸಿದ ಉಮೇಶ್ 2025ರ ನವೆಂಬರ್‌ನಲ್ಲಿ ನಮ್ಮನ್ನಗಲಿದರು.

ತಮಿಳರ ಕಟ್ಟಬೊಮ್ಮನನ್ನು ತೆರೆಗೆ ತಂದ ಪಂತುಲು ಅವರು 1961ರಲ್ಲಿ ನಮ್ಮ ‘ಕಿತ್ತೂರು ಚೆನ್ನಮ್ಮ’ನನ್ನೂ ತಂದರು. ಬಿ. ಸರೋಜಾದೇವಿ ರಾಣಿಯಾಗಿ ಮೆರೆದರು. 1964ರಲ್ಲಿ ತಮಿಳಿಗೆ ‘ಕರ್ಣನ್’ ಕೊಟ್ಟ ವರ್ಷವೇ ಕನ್ನಡಕ್ಕೆ ‘ಚಿನ್ನದ ಗೊಂಬೆ’ ಕೊಟ್ಟರು. ‘ಎಮ್ಮೆ ತಮ್ಮಣ್ಣ’, ‘ಬೀದಿ ಬಸವಣ್ಣ’ ಚಿತ್ರಗಳಲ್ಲಿ ಡಾ. ರಾಜ್‌ಕುಮಾರ್ ಅವರಿಂದ ಜನರನ್ನು ನಗಿಸಿದರು. 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ರಾಜ್ ಅರಸನಾದರೆ ಪಂತುಲು ಮಂತ್ರಿ ತಿಮ್ಮರಸು. ಆ ಪಾತ್ರ ಅವರಿಗೆ ಶ್ರೇಷ್ಠ ನಟ ರಾಜ್ಯ ಪ್ರಶಸ್ತಿಯನ್ನು ತಂದಿತು.

1974ರ ಅಕ್ಟೋಬರ್‌ನಲ್ಲಿ ಪಂತುಲು ತೀರಿಕೊಂಡಾಗ ಎರಡು ಚಿತ್ರಗಳು ಅರ್ಧಕ್ಕೆ ನಿಂತಿದ್ದವು. ಕನ್ನಡದ ‘ಕಾಲೇಜು ರಂಗ’ವನ್ನು ಪುಟ್ಟಣ್ಣ ಪೂರೈಸಿದರು. ತಮಿಳಿನ ‘ಮದುರೈಯೈ ಮೀಟ್ಟ ಸುಂದರಪಾಂಡಿಯನ್’ ಚಿತ್ರದ ನಿರ್ದೇಶನದ ಹೊಣೆಯನ್ನು ಅದರ ನಾಯಕ ಎಂ.ಜಿ. ರಾಮಚಂದ್ರನ್ ಅವರೇ ಹೊತ್ತರು. ಮಗಳು ಬಿ.ಆರ್. ವಿಜಯಲಕ್ಷ್ಮಿ ಛಾಯಾಗ್ರಾಹಕಿಯಾಗಿ, ಗಂಡಸರದೇ ಆಗಿದ್ದ ಕ್ಷೇತ್ರದಲ್ಲಿ ಹೆಸರು ಮಾಡಿದರು.

ಅನ್ನ ಕೊಟ್ಟ ಊರಿನ ಭಾಷೆಗೂ, ಮನದ ಭಾಷೆಗೂ ಪಂತುಲು ಸಮನಾಗಿ ದುಡಿದರು. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ಹೊರನಾಡಿನಲ್ಲಿ ನೆಲೆಸಿರುವ ನಮಗೆ ಅವರ ಬದುಕಿನಲ್ಲಿ ಕಲಿಯುವುದು ಬಹಳಷ್ಟಿದೆ. ನಮ್ಮ ಮಕ್ಕಳಿಗೆ ಕನ್ನಡ ಕಲಿಸುವ ನೆವದಲ್ಲಾದರೂ ‘ಮಕ್ಕಳ ರಾಜ್ಯ’ವನ್ನು ಒಮ್ಮೆ ತೋರಿಸಬೇಕು. ಅದು ಮಕ್ಕಳಿಗಾಗಿ ಇದೇ ಊರಿನ ನೆರಳಲ್ಲಿ ಅರಳಿದ ಕನ್ನಡ.