ಗಾಳಿಯ ಭಾರ ಅಳೆದ ಬ್ಲೇಸ್ ಪಾಸ್ಕಲ್

ಕರಾವಳಿಯಿಂದ ಖಾನಾಪುರದ ಮಾರ್ಗವಾಗಿ ಬೆಳಗಾವಿಗೆ ಹೊರಟರೆ ಘಾಟಿ ಏರುವಾಗ ನಮ್ಮ ಕಿವಿ ಕಟ್ಟುತ್ತದೆ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುವುದೇ ಇದಕ್ಕೆ ಕಾರಣ. ಸಮುದ್ರದ ಬದಿಯಲ್ಲಿ ಕೊಳವೆಯ ಪಾದರಸವನ್ನು 760 ಮಿಲಿಮೀಟರ್ ಎತ್ತಿ ಹಿಡಿಯುವ ಗಾಳಿ, ಸುಮಾರು 650 ಮೀಟರ್ ಎತ್ತರದ ಖಾನಾಪುರದಲ್ಲಿ 703, ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ 695ರ ಆಸುಪಾಸಿಗೆ ಇಳಿಯುತ್ತದೆ. ಇದನ್ನು ಬೆಟ್ಟ ಹತ್ತಿಸಿ ಲೋಕಕ್ಕೆ ತೋರಿಸಿದವರು ಬ್ಲೇಸ್ ಪಾಸ್ಕಲ್.

1623ರ ಜೂನ್ 19ರಂದು ಫ್ರಾನ್ಸಿನ ಕ್ಲೆರ್ಮೋಂನಲ್ಲಿ ಜನಿಸಿದ ಪಾಸ್ಕಲ್ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ತೆರಿಗೆ ಅಧಿಕಾರಿಯಾಗಿದ್ದ ತಂದೆಯ ಲೆಕ್ಕದ ಹೊರೆ ಇಳಿಸಲು 1642ರಲ್ಲಿ ಕೂಡುವ ಕಳೆಯುವ ಯಂತ್ರ ಮಾಡಲು ತೊಡಗಿದರು.

ಪಾದರಸದ ಮೇಲಿನ ಖಾಲಿ ಜಾಗದ ಬಗ್ಗೆ ಆಗ ವಿದ್ವಾಂಸರಲ್ಲಿ ದೊಡ್ಡ ಜಗಳ. ಪ್ರಕೃತಿ ಶೂನ್ಯವನ್ನು ಸಹಿಸದು ಎಂಬುದು ಹಳಬರ ವಾದ. ಹಾಗಿದ್ದರೆ ಬೆಟ್ಟದ ಮೇಲೂ ಕೆಳಗೂ ಪಾದರಸ ಒಂದೇ ಮಟ್ಟದಲ್ಲಿರಬೇಕಲ್ಲವೇ? ಸದಾ ಅನಾರೋಗ್ಯದಿಂದಿದ್ದ ಪಾಸ್ಕಲ್ ಭಾವ ಪೆರಿಯೆಯವರಿಗೆ ಪತ್ರ ಬರೆದರು. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಪ್ಯುಯಿ ದ ದೋಮ್ ಬೆಟ್ಟ ಹತ್ತಿದರು. ಒಂದು ಕೊಳವೆ ಕೆಳಗೆ ಮಿನಿಮ್ ಸಭೆಯ ಮಠದ ತೋಟದಲ್ಲಿತ್ತು. ಮಠದ ಸಂನ್ಯಾಸಿಯೊಬ್ಬರು ದಿನವಿಡೀ ಅದನ್ನೇ ಕಾಯುತ್ತಾ ಕುಳಿತರು. ಅದು ಕದಲಲಿಲ್ಲ. ಬೆಟ್ಟದ ಮೇಲಿನದು ಸುಮಾರು 85 ಮಿಲಿಮೀಟರ್ ಇಳಿದಿತ್ತು. ಹೆಸರು ಉಳಿದದ್ದು ಪಾಸ್ಕಲರದು, ಆದರೆ ಆ ಕಾವಲು ಇಲ್ಲದಿದ್ದರೆ ಹವೆ ಬದಲಾಯಿತೆಂದು ವಾದಿಸುವವರ ಬಾಯಿ ಮುಚ್ಚುತ್ತಿರಲಿಲ್ಲ.

1971ರಲ್ಲಿ ಒತ್ತಡದ ಅಂತರರಾಷ್ಟ್ರೀಯ ಮಾನಕ್ಕೆ ಇವರ ಹೆಸರಿಟ್ಟರು. ಪಾದರಸದ 1 ಮಿಲಿಮೀಟರ್ ಎಂದರೆ ಸುಮಾರು 133 ಪಾಸ್ಕಲ್. ಪಂಪಿನ ಗೇಜು 1 ಕೆ.ಜಿ. ತೋರಿಸಿದರೆ ಚದರ ಸೆಂಟಿಮೀಟರಿಗೆ 1 ಕೆ.ಜಿ., ಅಂದರೆ ಸುಮಾರು 98,000 ಪಾಸ್ಕಲ್. ಅಷ್ಟು ಒತ್ತಡ ನೀರನ್ನು 10 ಮೀಟರ್ ಎತ್ತುತ್ತದೆ. ಒತ್ತಡವನ್ನು ಘನ ಮೀಟರಿನಿಂದ ಗುಣಿಸಿದರೆ ಸಿಗುವುದು ಶಕ್ತಿ, ಜೂಲ್‌ಗಳಲ್ಲಿ. ಹಾಗಾಗಿ ದೇವಾಲಯದ 1,000 ಲೀಟರಿನ ಟ್ಯಾಂಕಿಗೆ 10 ಮೀಟರ್ ಮೇಲೆ ನೀರೇರಿಸಲು 98,000 ಜೂಲ್ ಬೇಕು. ಒಂದು ಯೂನಿಟ್ ವಿದ್ಯುತ್ತು 36 ಲಕ್ಷ ಜೂಲ್. ಲೆಕ್ಕಕ್ಕೆ 36 ಟ್ಯಾಂಕು ತುಂಬಬೇಕು. ಪಂಪಿನ ನಷ್ಟದಿಂದ ಅರ್ಧವೂ ತುಂಬದಿರಬಹುದು. ಆದರೆ ನಾಲ್ಕೈದು ಟ್ಯಾಂಕಿಗೇ ಒಂದು ಯೂನಿಟ್ ಮುಗಿಯುತ್ತಿದ್ದರೆ ಪಂಪನ್ನು ರಿಪೇರಿಯವರಿಗೆ ತೋರಿಸುವುದು ಒಳ್ಳೆಯದು!

1654ರ ನವೆಂಬರ್ 23ರ ರಾತ್ರಿ ಆದ ದೈವಾನುಭವವನ್ನು ಪಾಸ್ಕಲ್ ಚೀಟಿಯಲ್ಲಿ ಬರೆದು ಅಂಗಿಯೊಳಗೆ ಹೊಲಿದುಕೊಂಡಿದ್ದರು. ಅದು ಸಿಕ್ಕಿದ್ದು ಅವರ ಮರಣಾನಂತರ. ಜಾನ್ಸೆನ್ ಪಂಥದವರ ಪರ ನಿಂತು ಯೇಸುಸಭೆಯವರನ್ನು ಕಟುವಾಗಿ ಟೀಕಿಸಿದ ಅವರ ಪತ್ರಗಳನ್ನು 1657ರಲ್ಲಿ ರೋಮ್ ನಿಷೇಧಿಸಿತು. ಇದನ್ನು ನಾವು ಮುಚ್ಚಿಡಬೇಕಿಲ್ಲ. 2023ರಲ್ಲಿ, ಅವರ ಜನನದ 400ನೇ ವರ್ಷದಲ್ಲಿ, ಅವರ ಬಗ್ಗೆ ಪ್ರೇಷಿತ ಪತ್ರ ಬರೆದ ಪೋಪ್ ಫ್ರಾನ್ಸಿಸ್ ಸ್ವತಃ ಯೇಸುಸಭೆಯವರು.

ಕೊನೆಯ ಕಾಯಿಲೆಯ ದಿನಗಳಲ್ಲಿ ಪಾಸ್ಕಲರ ಮನೆಯಲ್ಲಿ ಆಶ್ರಯ ಪಡೆದಿದ್ದ ಬಡ ಕುಟುಂಬದ ಮಗುವಿಗೆ ಸಿಡುಬು ಬಂತು. ಮಗುವನ್ನು ಹೊರಗೆ ಸಾಗಿಸಲು ಒಪ್ಪದೆ ಅವರೇ ಮನೆ ಬಿಟ್ಟು ಅಕ್ಕನ ಮನೆಗೆ ಹೋದರು. ಅಲ್ಲಿ ಪರಮಪ್ರಸಾದ ಸ್ವೀಕರಿಸಿ 1662ರ ಆಗಸ್ಟ್ 19ರಂದು ತೀರಿಕೊಂಡರು. ಆಗ ಅವರಿಗೆ 39 ವರ್ಷ.